ಚಿತ್ರತುರಗವೂ ನರಕೋಶವೂ

೧

ವಿಜ್ಞಾನಗ್ರಂಥಗಳ ಚಿತ್ರಗಳನ್ನು ವಿಮರ್ಶೆಗೆ ಒಳಪಡಿಸುವ ಪರಿಪಾಠ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಕಾವ್ಯದ ಒಂದು ಪ್ರತಿಮೆಯನ್ನು ಕುರಿತು ಹತ್ತು ಪುಟ ಬರೆಯುವ ನಾವು, ಶರೀರಶಾಸ್ತ್ರದ ಪಠ್ಯದಲ್ಲಿ ಅಚ್ಚಾದ ಮೆದುಳಿನ ಚಿತ್ರವನ್ನು ಕಂಡಾಗ ಅದರ ಭಾಗಗಳ ಹೆಸರುಗಳನ್ನು ಕಂಠಪಾಠಮಾಡಿ ಮುಂದಕ್ಕೆ ಹೋಗುತ್ತೇವೆ. ಮಾತು ಹೇಳಿದ್ದನ್ನು ಕಣ್ಣಿಗೆ ಕಾಣುವಂತೆ ಮಾಡುವುದಷ್ಟೇ ಚಿತ್ರದ ಕೆಲಸ, ಅದಕ್ಕೆ ತನ್ನದೇ ಆದ ಅಭಿಪ್ರಾಯವೆಂಬುದಿಲ್ಲ ಎಂದು ನಮ್ಮ ತಿಳಿವಳಿಕೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನರವಿಜ್ಞಾನದ ಕೆಲವು ಪ್ರಸಿದ್ಧ ಚಿತ್ರಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನರವಿಜ್ಞಾನವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಹೃದಯವನ್ನು ಸೀಳಿ ನೋಡಿದವನಿಗೆ ಕವಾಟಗಳು ಕಾಣುತ್ತವೆ. ಕವಾಟವನ್ನು ಕಂಡವನು ಅದರ ಕೆಲಸವನ್ನು ಊಹಿಸಬಲ್ಲ. ಮೆದುಳು ಹಾಗಲ್ಲ. ಅದರ ಆಕಾರದಿಂದ ಅದರ ವ್ಯಾಪಾರ ತಿಳಿಯದು. ಕಣ್ಣಿಗೆ ಬೀಳುವುದು ಬೂದಿಬಣ್ಣದ, ಮೃದುವಾದ, ಮಡಿಕೆಮಡಿಕೆಯಾದ ಒಂದು ಮುದ್ದೆ. ಆದುದರಿಂದ ಅದರ ಚಿತ್ರವನ್ನು ಬರೆಯುವವನು ಕಂಡದ್ದಕ್ಕಿಂತ ಹೆಚ್ಚನ್ನು ಹೇಳಬೇಕಾಗುತ್ತದೆ. ಆ ಹೆಚ್ಚು ಎಲ್ಲಿಂದ ಬಂತು, ಅದನ್ನು ನಂಬಬಹುದೇ ಎಂಬುದೇ ವಿಮರ್ಶಕನ ಪ್ರಶ್ನೆ.

ಈ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಗೆ ಅಪರಿಚಿತವೇನೂ ಅಲ್ಲ. ರಸಾನುಭವದ ಸ್ವರೂಪವನ್ನು ವಿವರಿಸುವಾಗ ಶಂಕುಕನು ಚಿತ್ರದ ಕುದುರೆಯ ದೃಷ್ಟಾಂತವನ್ನು ತಂದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ನಾವು ‘ಇದು ಕುದುರೆ’ ಎನ್ನುತ್ತೇವೆ. ಆ ಜ್ಞಾನ ಯಥಾರ್ಥವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ. ಅದು ಇವೆಲ್ಲಕ್ಕಿಂತ ಬೇರೆಯಾದುದು ಎಂಬುದು ಅವನ ವಾದ. ಅಭಿನವಗುಪ್ತನು ದಾಖಲಿಸಿರುವ ಖಂಡನೆಯಲ್ಲಿ ಇದಕ್ಕೊಂದು ಉತ್ತರ ದೊರೆಯುತ್ತದೆ: ದೀಪವು ಕತ್ತಲಲ್ಲಿದ್ದ ನಿಜವಾದ ಹಸುವನ್ನು ತೋರಿಸುವಂತೆ ಸಿಂದೂರಾದಿ ಬಣ್ಣಗಳು ಹಸುವನ್ನು ತೋರಿಸುವುದಿಲ್ಲ, ಹಸುವನ್ನು ಹೋಲುವ ಒಂದು ವಿಶೇಷ ಜೋಡಣೆಯನ್ನು ಅವು ನಿರ್ಮಿಸುತ್ತವೆ. ಕಾವ್ಯದ ಸಂದರ್ಭದಲ್ಲಿ ಹುಟ್ಟಿದ ಈ ದೀಪ–ಸಿಂದೂರಗಳ ಭೇದವು ವಿಜ್ಞಾನಚಿತ್ರಕ್ಕೆ ಇನ್ನೂ ಹತ್ತಿರವಾಗಿ ಅನ್ವಯಿಸುತ್ತದೆ. ನರಕೋಶದ ಚಿತ್ರ ದೀಪವೇ, ಸಿಂದೂರವೇ? ಅದು ಸಿಂದೂರವಾಗಿದ್ದು ದೀಪವೆಂದು ತೋರಿಕೊಂಡರೆ ಆಗುವ ಹಾನಿಯೇನು?

೨

ಹಾನಿಯ ಉದಾಹರಣೆ ಇತಿಹಾಸದಲ್ಲಿಯೇ ಇದೆ. ಗೇಲೆನ್ ಎಂಬ ಪ್ರಾಚೀನ ವೈದ್ಯನು ಪ್ರಾಣಿಗಳನ್ನು ಕೊಯ್ದು ನೋಡಿ, ಮೆದುಳಿನ ಬುಡದಲ್ಲಿ ರಕ್ತನಾಳಗಳ ಒಂದು ‘ಅದ್ಭುತ ಜಾಲ’ವಿದೆಯೆಂದು ಬರೆದಿದ್ದನು. ಕುರಿ, ಎತ್ತು ಮೊದಲಾದವುಗಳಲ್ಲಿ ಅದು ಉಂಟು; ಮನುಷ್ಯನಲ್ಲಿ ಇಲ್ಲ. ಆದರೂ ೧೫೩೮ರಲ್ಲಿ ಪ್ರಕಟವಾದ ತನ್ನ ಚಿತ್ರಪಟಗಳಲ್ಲಿ ವೆಸೇಲಿಯಸ್ ಮನುಷ್ಯನಿಗೂ ಆ ಜಾಲವನ್ನು ಬರೆದನು. ಐದೇ ವರ್ಷಗಳ ಅನಂತರ, ೧೫೪೩ರ ಮಹಾಗ್ರಂಥದಲ್ಲಿ, ಮನುಷ್ಯನಲ್ಲಿ ಅದು ಇಲ್ಲವೆಂದು ಅವನೇ ಸಾರಿದನು. ಮೊದಲನೆಯ ಸಲ ಅವನ ಕೈ ಶಾಸ್ತ್ರವಾಕ್ಯವನ್ನು ಬರೆದಿತ್ತು. ಎರಡನೆಯ ಸಲ ಕಣ್ಣು ಕಂಡದ್ದನ್ನು ಬರೆಯಿತು. ಎರಡೂ ಚಿತ್ರಗಳ ರೇಖೆಗಳು ಸಮಾನವಾಗಿ ಪುಷ್ಟವಾಗಿವೆ. ರೇಖೆಯ ಸೊಗಸು ಅದರ ಸತ್ಯಕ್ಕೆ ಪ್ರಮಾಣವಾಗದು ಎಂಬ ಮೊದಲ ಪಾಠವನ್ನು ನಾವು ಇಲ್ಲಿ ಕಲಿಯಬಹುದು.

ಚಿತ್ರಕಾರನೂ ಶೋಧಕನೂ ಬೇರೆಬೇರೆಯಾಗಿದ್ದು, ಇಬ್ಬರೂ ಒಂದೇ ಮೇಜಿನ ಬಳಿ ನಿಂತಾಗ ಎಂತಹ ಫಲ ದೊರೆಯಬಹುದೆಂಬುದಕ್ಕೆ ೧೬೬೪ರಲ್ಲಿ ಲಂಡನ್ನಿನಲ್ಲಿ ಹೊರಬಂದ ಥಾಮಸ್ ವಿಲ್ಲಿಸನ ಮೆದುಳಿನ ಅಂಗರಚನಾಗ್ರಂಥ ಸಾಕ್ಷಿ. ಮುಂದೆ ಸೇಂಟ್ ಪಾಲ್ ಮಹಾಮಂದಿರವನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟನು. ಮೆದುಳಿನ ಬುಡದ ಧಮನಿಗಳ ವೃತ್ತಕ್ಕೆ ಇಂದಿಗೂ ವಿಲ್ಲಿಸನ ಹೆಸರಿದೆ. ಆದರೆ ನಮ್ಮ ಪ್ರಶ್ನೆ ತೀವ್ರವಾಗುವುದು ಸೂಕ್ಷ್ಮದರ್ಶಕದ ಕಾಲದಲ್ಲಿ. ಅಲ್ಲಿ ಶೋಧಕನೇ ಚಿತ್ರಕಾರ, ಅವನು ಕಂಡದ್ದನ್ನು ಪಕ್ಕದವನು ಕಾಣುವುದು ಸುಲಭವಲ್ಲ.

೩

೧೮೭೩ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಒಂದು ಹೊಸ ವರ್ಣಕ್ರಮವನ್ನು ಪ್ರಕಟಿಸಿದನು. ನರದ ಅಂಗಾಂಶವನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿ, ಬಳಿಕ ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ನೆನೆಹಾಕಿದರೆ, ನೂರಾರು ಕೋಶಗಳಲ್ಲಿ ಕೆಲವು ಮಾತ್ರ ಕಪ್ಪಾಗುತ್ತವೆ. ಆದರೆ ಕಪ್ಪಾದ ಕೋಶವು ತನ್ನ ಕಾಂಡ, ಕೊಂಬೆ, ಕಿರುಗೊಂಬೆಗಳೊಡನೆ ಇಡಿಯಾಗಿ ಎದ್ದು ಕಾಣುತ್ತದೆ. ಅದುವರೆಗಿನ ವಿಧಾನಗಳಲ್ಲಿ ಎಲ್ಲವೂ ಒಟ್ಟಿಗೆ ಬಣ್ಣಗೊಂಡು ಯಾವುದೂ ಬಿಡಿಯಾಗಿ ಕಾಣುತ್ತಿರಲಿಲ್ಲ. ಗಾಲ್ಜಿಯ ಕ್ರಮದ ಶಕ್ತಿಯಿರುವುದು ಅದು ತೋರಿಸದೆ ಬಿಡುವುದರಲ್ಲಿ.

ಈ ಕ್ರಮವನ್ನು ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಾಹಾಲ್ ಕಂಡದ್ದು ೧೮೮೭ರಲ್ಲಿ, ಮದ್ರಿದಿನಲ್ಲಿ. ೧೮೫೨ರಲ್ಲಿ ಹುಟ್ಟಿದ ಅವನು ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂದು ಹಂಬಲಿಸಿದವನು. ವೈದ್ಯನಾಗಿದ್ದ ತಂದೆಯ ಒತ್ತಾಯದಿಂದ ಅಂಗರಚನಾಶಾಸ್ತ್ರಕ್ಕೆ ಬಂದವನು. ಅವನು ಗಾಲ್ಜಿಯ ಕ್ರಮವನ್ನು ತಿದ್ದಿ ಎರಡೆರಡು ಸಲ ಬೆಳ್ಳಿಯನ್ನು ಹಿಡಿಸಿದನು. ನರತಂತುಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಬೆಳೆಯದ ಭ್ರೂಣಗಳನ್ನೂ ಎಳೆಯ ಪ್ರಾಣಿಗಳನ್ನೂ ಆರಿಸಿಕೊಂಡನು. ೧೮೮೮ರಲ್ಲಿ ತನ್ನ ಖರ್ಚಿನಿಂದಲೇ ಹೊರಡಿಸಿದ ಪತ್ರಿಕೆಯಲ್ಲಿ ಹಕ್ಕಿಯ ಅನುಮಸ್ತಿಷ್ಕದ ಚಿತ್ರಗಳನ್ನು ಪ್ರಕಟಿಸಿದನು. ದೊಡ್ಡ ಪರ್ಕಿಂಜೆ ಕೋಶದ ಒಡಲನ್ನು ಬೇರೆ ಕೋಶಗಳ ತಂತುಗಳು ಬುಟ್ಟಿಯಂತೆ ಸುತ್ತಿಕೊಂಡು, ಅಲ್ಲಿಯೇ ಮುಗಿಯುವುದನ್ನು ಅವನು ಬರೆದು ತೋರಿಸಿದನು. ತಂತು ಇನ್ನೊಂದು ಕೋಶವನ್ನು ಮುಟ್ಟುವಷ್ಟು ಹತ್ತಿರಕ್ಕೆ ಬರುತ್ತದೆ, ಅದರೊಳಗೆ ಸೇರಿಹೋಗುವುದಿಲ್ಲ ಎಂಬುದು ಆ ಚಿತ್ರದ ಅರ್ಥ.

ಗಾಲ್ಜಿಯ ಮತ ಇದಕ್ಕೆ ವಿರುದ್ಧ. ನರಮಂಡಲವೆಲ್ಲ ಒಂದೇ ಅಖಂಡ ಜಾಲ, ತಂತುಗಳು ಒಂದರಲ್ಲೊಂದು ಬೆರೆತಿವೆ ಎಂದು ಅವನು ನಂಬಿದ್ದನು. ಅವನ ಗ್ರಂಥದ ಭವ್ಯವಾದ ಪಟಗಳಲ್ಲಿ ಕೋಶಗಳ ಕೆಳಗೆ ಅಂತಹ ಜಾಲವೊಂದು ಹೆಣೆದುಕೊಂಡಿರುವುದನ್ನು ನಾವು ಕಾಣುತ್ತೇವೆ. ಕೋಶಗಳು ನೋಡಿ ಬರೆದವು. ಜಾಲದ ಹೆಣಿಗೆಯಲ್ಲಿ ನಂಬಿಕೆಯ ಪಾಲು ದೊಡ್ಡದು. ಇಬ್ಬರೂ ನೋಡಿದ್ದು ಒಂದೇ ಬೆಳ್ಳಿಯ ಕಪ್ಪನ್ನು, ಆದರೆ ಬರೆದದ್ದು ಎರಡು ಬೇರೆಬೇರೆ ಮೆದುಳುಗಳನ್ನು. ೧೯೦೬ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಪಾರಿತೋಷಕ ಬಂದಾಗ, ಗಾಲ್ಜಿ ತನ್ನ ಉಪನ್ಯಾಸವನ್ನು ನರಕೋಶಸಿದ್ಧಾಂತದ ಖಂಡನೆಗೇ ಮೀಸಲಿಟ್ಟನು. ಮರುದಿನ ಕಾಹಾಲ್ ಅದೇ ಸಿದ್ಧಾಂತವನ್ನು ಮಂಡಿಸಿದನು.

ಇನ್ನೊಂದು ಸಣ್ಣ ವಿವರ ಇನ್ನೂ ಹೆಚ್ಚು ಬೋಧಪ್ರದವಾಗಿದೆ. ಕೋಶದ ಕೊಂಬೆಗಳ ಮೇಲೆ, ಅಂದರೆ ಸಂದೇಶವನ್ನು ಸ್ವೀಕರಿಸುವ ಡೆಂಡ್ರೈಟುಗಳ ಮೇಲೆ, ಗುಲಾಬಿಗಿಡದ ಮುಳ್ಳಿನಂತಹ ಕಿರುಚಾಚುಗಳನ್ನು ಕಾಹಾಲ್ ೧೮೮೮ರಲ್ಲಿಯೇ ಬರೆದನು. ಗಾಲ್ಜಿಯ ಪಟಗಳಲ್ಲಿ ಅದೇ ಕೊಂಬೆಗಳು ನುಣುಪಾಗಿವೆ. ಗಾಲ್ಜಿಯ ಕಣ್ಣಿಗೆ ಅವು ಬೀಳಲಿಲ್ಲವೆಂದಲ್ಲ; ಅವು ಬೆಳ್ಳಿಯ ಕಣಗಳು ಅಂಟಿ ಆದ ಕಲೆಗಳು ಎಂದು ಅವನು ಎಣಿಸಿದನು. ಕಲೆಯನ್ನು ಬಿಟ್ಟು ವಸ್ತುವನ್ನು ಬರೆಯುವುದು ಪ್ರಾಮಾಣಿಕ ಚಿತ್ರಕಾರನ ಧರ್ಮವಷ್ಟೆ! ಆದರೆ ಯಾವುದು ಕಲೆ, ಯಾವುದು ವಸ್ತು? ಕಾಹಾಲ್ ಇದನ್ನು ವಾದದಿಂದ ತೀರಿಸಲು ಹೋಗಲಿಲ್ಲ. ೧೮೯೬ರಲ್ಲಿ, ಬೆಳ್ಳಿಯ ಸಂಪರ್ಕವೇ ಇಲ್ಲದ ಮೆಥಿಲೀನ್ ನೀಲಿಯೆಂಬ ಬಣ್ಣದಿಂದಲೂ ಆ ಮುಳ್ಳುಗಳನ್ನು ತೋರಿಸಿದನು. ೧೯೫೯ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಮುಳ್ಳುಗಳ ಮೇಲೆಯೇ ನರಸಂಧಿಗಳು ಕೂಡುವುದನ್ನು ಸ್ಥಿರಪಡಿಸಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಕಾಹಾಲ್ ಗೆದ್ದ ಎಂಬುದನ್ನಲ್ಲ. ಅವನ ರೇಖೆ ಇತರರು ಪರೀಕ್ಷಿಸಬಹುದಾದ ಮಾತನ್ನು ಆಡಿತು ಎಂಬುದನ್ನು. ಮುಳ್ಳನ್ನು ಬರೆದ ಚಿತ್ರ ‘ಇಲ್ಲಿ ಮುಳ್ಳಿದೆ, ಬಂದು ನೋಡಿ’ ಎನ್ನುತ್ತದೆ. ಅದು ಸುಳ್ಳಾಗಿದ್ದರೆ ಸುಳ್ಳೆಂದು ತೋರಿಸುವ ದಾರಿ ತೆರೆದಿದೆ. ಎಲ್ಲವೂ ಎಲ್ಲದರಲ್ಲಿ ಬೆರೆತ ಜಾಲದ ಚಿತ್ರ ಅಂತಹ ಸ್ಪಷ್ಟವಾದ ಮಾತನ್ನು ಆಡುವುದಿಲ್ಲ. ಚಿತ್ರ ತಾನಾಗಿಯೇ ಯಾರನ್ನೂ ಒಪ್ಪಿಸಲಾರದೆಂಬುದನ್ನೂ ಕಾಹಾಲ್ ಅರಿತಿದ್ದನು. ತನ್ನ ಪತ್ರಿಕೆಯ ಅರುವತ್ತು ಪ್ರತಿಗಳನ್ನು ಅಚ್ಚುಮಾಡಿಸಿ ಯೂರೋಪಿನ ವಿದ್ವಾಂಸರಿಗೆ ಕಳುಹಿಸಿದಾಗ ಹೆಚ್ಚಿನ ಪ್ರತಿಕ್ರಿಯೆ ಬರಲಿಲ್ಲ. ೧೮೮೯ರಲ್ಲಿ ಅವನು ಗಾಜಿನ ಹಲಗೆಗಳನ್ನು ಹೊತ್ತು ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋಗಿ, ಹಿರಿಯನಾದ ಕೋಲಿಕರನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದನು. ಅಲ್ಲಿಂದ ಗಾಳಿ ತಿರುಗಿತು. ೧೮೯೧ರಲ್ಲಿ ವಾಲ್ಡೆಯರನು ‘ನ್ಯೂರಾನ್’ ಎಂಬ ಹೆಸರನ್ನಿಟ್ಟನು. ಉತ್ತಮ ವಿಜ್ಞಾನಚಿತ್ರವು ನೋಟವನ್ನು ತನ್ನಲ್ಲಿಯೇ ಹಿಡಿದಿಡದೆ ವಸ್ತುವಿನ ಕಡೆಗೆ ಕಳುಹಿಸಿಕೊಡುತ್ತದೆ.

೪

ಹಾಗೆಂದು ಕಾಹಾಲನ ಚಿತ್ರಗಳು ಕಂಡದ್ದರ ನಕಲುಗಳಲ್ಲ. ಅವನು ಹಲವು ವೇಳೆ ನೆನಪಿನಿಂದ ಬರೆಯುತ್ತಿದ್ದನು. ಹಲವು ಹಲಗೆಗಳಲ್ಲಿ ಬಿಡಿಬಿಡಿಯಾಗಿ ಕಂಡ ಕೋಶಗಳನ್ನು ಒಂದೇ ಪಟದಲ್ಲಿ ಕೂಡಿಸುತ್ತಿದ್ದನು. ಅವನ ಅಕ್ಷಿಪಟದ ಚಿತ್ರದಲ್ಲಿರುವಂತೆ ಕೋಶಗಳು ಒಟ್ಟಾಗಿ ನಿಂತದ್ದನ್ನು ಯಾವ ಒಂದು ಹಲಗೆಯೂ ತೋರಿಸದು. ಅದು ಒಂದು ಕಣ್ಣಿನ ಚಿತ್ರವಲ್ಲ, ಕಣ್ಣಿನ ತತ್ತ್ವದ ಚಿತ್ರ. ಛಾಯಾಗ್ರಹಣದಲ್ಲಿ ಪಳಗಿದವನಾಗಿಯೂ, ಅದರ ಕುರಿತು ಗ್ರಂಥವನ್ನೇ ಬರೆದವನಾಗಿಯೂ, ತನ್ನ ಶೋಧವನ್ನು ಹೇಳಲು ಕಾಹಾಲ್ ಲೇಖನಿಯನ್ನು ಹಿಡಿದದ್ದು ಇದರಿಂದಲೇ.

ಈ ಪಟಗಳ ಎರಡು ಗುಣಗಳು ವಿಮರ್ಶಕನ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯುತ್ತವೆ. ಒಂದು, ಬಾಣ. ಡೆಂಡ್ರೈಟಿನಿಂದ ಕೋಶಕಾಯಕ್ಕೆ, ಅಲ್ಲಿಂದ ಉದ್ದವಾದ ಆಕ್ಸಾನ್ ತಂತುವಿಗೆ ಸಂದೇಶ ಹರಿಯುತ್ತದೆಂದು ಕಾಹಾಲ್ ಸಣ್ಣಸಣ್ಣ ಬಾಣಗಳಿಂದ ಸೂಚಿಸಿದನು. ಸತ್ತ, ಗಟ್ಟಿಗೊಳಿಸಿದ, ಕತ್ತರಿಸಿದ ಅಂಗಾಂಶದಲ್ಲಿ ಯಾವ ಹರಿವೂ ಕಾಣದು. ಬಾಣ ಶುದ್ಧವಾದ ಊಹೆ. ಆದರೆ ಅದು ಊಹೆಯ ವೇಷದಲ್ಲಿಯೇ ಬಂದಿದೆ. ಮೆದುಳಿನಲ್ಲಿ ಬಾಣಗಳಿಲ್ಲವೆಂಬುದು ಯಾವ ಓದುಗನಿಗೂ ಗೊತ್ತು. ಕಂಡದ್ದು ಒಂದು ಬಗೆಯ ಗುರುತಿನಲ್ಲಿ, ಊಹಿಸಿದ್ದು ಇನ್ನೊಂದು ಬಗೆಯ ಗುರುತಿನಲ್ಲಿ ಪುಟದ ಮೇಲೆ ಬೇರೆಬೇರೆಯಾಗಿ ನಿಂತಿವೆ. ಗಾಲ್ಜಿಯ ಜಾಲದಲ್ಲಿ ಕಂಡದ್ದೂ ನಂಬಿದ್ದೂ ಒಂದೇ ಶಾಯಿಯಲ್ಲಿ ಬೆರೆತಿದ್ದುವು. ಇದು ಔಚಿತ್ಯದ ಪ್ರಶ್ನೆ. ಆ ಬಾಣಗಳೆಲ್ಲವೂ ನಿಂತವೆಂದು ಹೇಳುವಂತಿಲ್ಲ. ಅಕ್ಷಿಪಟದಲ್ಲಿ ಆಕ್ಸಾನೇ ಇಲ್ಲದ ಕೋಶಗಳನ್ನು ಕಂಡು ‘ಅಮಾಕ್ರೈನ್’ ಎಂದು ಹೆಸರಿಟ್ಟವನೂ ಕಾಹಾಲನೇ. ಅವು ಅವನ ನಿಯಮಕ್ಕೆ ತೊಡಕಾದುವು. ಆಕ್ಸಾನಿನಲ್ಲಿ ಹುಟ್ಟಿದ ವಿದ್ಯುತ್ಸಂಕೇತ ಹಿಮ್ಮೊಗವಾಗಿ ಡೆಂಡ್ರೈಟಿಗೂ ಹರಡಬಲ್ಲುದೆಂಬುದನ್ನು ೧೯೯೪ರ ಪ್ರಯೋಗಗಳು ತೋರಿಸಿದುವು. ಬಾಣವನ್ನು ತಿದ್ದಬಹುದಾಯಿತು, ಏಕೆಂದರೆ ಅದು ಬಾಣವಾಗಿತ್ತು.

ಎರಡನೆಯದು, ಬಿಳಿಯ ಕಾಗದ. ಕಾಹಾಲನ ನರಕೋಶ ಚಳಿಗಾಲದ ಬಯಲಿನಲ್ಲಿ ನಿಂತ ಎಲೆಯುದುರಿದ ಮರದಂತಿದೆ. ಸುತ್ತಲೂ ಅವಕಾಶ, ಕೊಂಬೆಕೊಂಬೆಯನ್ನೂ ಎಣಿಸಬಹುದು. ಆ ಚಿತ್ರದ ಸೌಂದರ್ಯವೆಲ್ಲ ಈ ಬರಿದಿನಲ್ಲಿದೆ. ಅದರ ಅತಿ ದೊಡ್ಡ ಅಸತ್ಯವೂ ಅಲ್ಲಿಯೇ ಇದೆ. ಮೆದುಳಿನಲ್ಲಿ ಬಯಲೆಂಬುದಿಲ್ಲ. ಮನುಷ್ಯನ ಮೆದುಳಿನ ಹೊರಪದರದಿಂದ ತೆಗೆದ ಸುಮಾರು ಒಂದು ಘನ ಮಿಲಿಮೀಟರಿನಷ್ಟು ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪದರಪದರವಾಗಿ ಪರೀಕ್ಷಿಸಿ ೧೯೨೪ಕ್ಕೆ ನೂರು ವರ್ಷಗಳ ಅನಂತರ, ೨೦೨೪ರಲ್ಲಿ, ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ೫೭,೦೦೦ ಕೋಶಗಳೂ ೧೫ ಕೋಟಿ ನರಸಂಧಿಗಳೂ ಲೆಕ್ಕಕ್ಕೆ ಸಿಕ್ಕಿವೆ. ಎಲ್ಲವನ್ನೂ ಬರೆದರೆ ಕಾಗದ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪು ಪೂರ್ಣಸತ್ಯವಾದೀತು, ಆದರೆ ಅದರಿಂದ ಏನೂ ತಿಳಿಯದು. ಬಿಡುವುದರಿಂದಲೇ ಚಿತ್ರ ಮಾತನಾಡುತ್ತದೆ; ಆದರೆ ಬಿಟ್ಟದ್ದನ್ನು ‘ಇಲ್ಲ’ವೆಂದು ಓದುವ ವಿದ್ಯಾರ್ಥಿ ಮೋಸಹೋಗುತ್ತಾನೆ. ಇದು ಚಿತ್ರದ ದೋಷಕ್ಕಿಂತ ಓದಿನ ದೋಷ. ಬೋಧಕನು ತಿದ್ದಬಹುದಾದ ದೋಷ.

ಗಾಲ್ಜಿಗೆ ನ್ಯಾಯ ಸಲ್ಲಿಸುವ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಕೋಶಗಳ ನಡುವೆ ಸುಮಾರು ೨೦ ನ್ಯಾನೊಮೀಟರಿನ ಬಿರುಕನ್ನು ತೋರಿಸಿ ಕಾಹಾಲನ ಪಕ್ಷವನ್ನು ಎತ್ತಿಹಿಡಿಯಿತು. ಅದೇ ದಶಕದ ಕೊನೆಗೆ, ೧೯೫೯ರಲ್ಲಿ, ಸಿಹಿನೀರಿನ ಸೀಗಡಿಜಾತಿಯ ಒಂದು ಪ್ರಾಣಿಯಲ್ಲಿ ವಿದ್ಯುತ್ತು ಕೋಶದಿಂದ ಕೋಶಕ್ಕೆ ನೇರವಾಗಿ ದಾಟುವ ಸಂಧಿಗಳೂ ಉಂಟೆಂದು ಸಿದ್ಧವಾಯಿತು; ಮುಂದೆ ಸಸ್ತನಿಗಳ ಮೆದುಳಿನಲ್ಲಿಯೂ ಅವು ದೊರೆತುವು. ಅಖಂಡತೆಯ ಕಲ್ಪನೆ ಪೂರ್ತಿ ನಿರಾಧಾರವಾಗಿರಲಿಲ್ಲ. ಸೋತ ಚಿತ್ರವನ್ನು ಗ್ರಂಥಾಲಯದಲ್ಲಿ ಕಾಪಾಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

೫

ಎಲ್ಲ ಪ್ರಸಿದ್ಧ ಚಿತ್ರಗಳೂ ಈ ಮಟ್ಟದವಲ್ಲ. ಮಾಂಟ್ರಿಯಲ್ಲಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳ ಮೆದುಳಿನ ಮೇಲ್ಮೈಯನ್ನು ವಿದ್ಯುತ್ತಿನಿಂದ ಮುಟ್ಟಿ, ಎಲ್ಲಿ ಮುಟ್ಟಿದರೆ ದೇಹದ ಯಾವ ಅಂಗ ಅಲುಗುತ್ತದೆ, ಎಲ್ಲಿ ಜುಮ್ಮೆನ್ನುತ್ತದೆ ಎಂಬುದನ್ನು ಗುರುತಿಸಿದನು. ೧೯೩೭ರಲ್ಲಿ ಬೋಲ್ಡ್ರಿಯೊಡನೆ ಬರೆದ ಪ್ರಬಂಧದಲ್ಲಿಯೂ, ೧೯೫೦ರಲ್ಲಿ ರಾಸ್ಮುಸೆನ್ನನೊಡನೆ ಬರೆದ ಗ್ರಂಥದಲ್ಲಿಯೂ ಈ ಫಲಿತಾಂಶವನ್ನು ಒಂದು ಕುಬ್ಜಮಾನವನ ರೂಪದಲ್ಲಿ ತೋರಿಸಲಾಯಿತು. ಚಿತ್ರಕಾರ್ತಿ ಕ್ಯಾಂಟ್ಲಿ ಎಂಬಾಕೆ. ದೊಡ್ಡ ತುಟಿ, ದೊಡ್ಡ ಹೆಬ್ಬೆರಳು, ಸಣ್ಣ ಒಡಲಿನ ಈ ಮೂರ್ತಿಯನ್ನು ಒಮ್ಮೆ ಕಂಡವನು ಮರೆಯಲಾರ. ಬೆರಳುಗಳಿಗೂ ನಾಲಿಗೆಗೂ ಮೆದುಳಿನಲ್ಲಿ ಹೆಚ್ಚು ಜಾಗವುಂಟೆಂಬುದನ್ನು ಇಷ್ಟು ಕ್ಷಿಪ್ರವಾಗಿ ತಿಳಿಸುವ ಬೇರೊಂದು ಸಾಧನವಿಲ್ಲ.

ಆದರೆ ಕೊರತೆಯೂ ಅಲ್ಲಿಯೇ ಇದೆ. ಅನೇಕ ರೋಗಿಗಳಲ್ಲಿ ಚದರಿದ, ಒಂದರ ಮೇಲೊಂದು ಬಿದ್ದ ಬಿಂದುಗಳನ್ನು ಒಬ್ಬನೇ ಮನುಷ್ಯನ ಗಟ್ಟಿಯಾದ ಹೊರಗೆರೆಯೊಳಗೆ ಸೇರಿಸಿದಾಗ, ಚದರಿಕೆ ಮಾಯವಾಗುತ್ತದೆ. ಆ ಮನುಷ್ಯನು ಗಂಡಸೇ. ಹೆಣ್ಣಿನ ದೇಹಕ್ಕೆ ಅಲ್ಲಿ ಎಡೆಯಿಲ್ಲ. ಇದನ್ನು ನೆನಪಿನ ಅನುಕೂಲಕ್ಕಾಗಿ ಮಾತ್ರ ಗ್ರಹಿಸಬೇಕು, ಅಳತೆಯಾಗಿ ಅಲ್ಲ, ಎಂದು ಅದರ ಕರ್ತೃಗಳೇ ಎಚ್ಚರಿಸಿದ್ದರು. ಎಚ್ಚರಿಕೆ ಗ್ರಂಥದಲ್ಲಿಯೇ ಉಳಿಯಿತು. ಚಿತ್ರ ಮಾತ್ರ ಪಠ್ಯದಿಂದ ಪಠ್ಯಕ್ಕೆ ನಡೆಯಿತು. ಕಾಲು, ಕೈ, ಬಾಯಿಗಳ ಚಲನಕ್ಷೇತ್ರಗಳ ನಡುನಡುವೆ, ಯಾವ ಒಂದು ಅಂಗಕ್ಕೂ ಸೇರದೆ ಇಡೀ ದೇಹದ ಕ್ರಿಯೆಯನ್ನು ಹೊಂದಿಸುವಂತೆ ತೋರುವ ಪ್ರದೇಶಗಳಿವೆಯೆಂದು ೨೦೨೩ರ ಒಂದು ಅಧ್ಯಯನ ವರದಿಮಾಡಿದೆ. ಕುಬ್ಜನ ದೇಹದಲ್ಲಿ ಅವುಗಳಿಗೆ ಜಾಗವೇ ಇರಲಿಲ್ಲ. ಕಾಹಾಲನ ಬಾಣವನ್ನು ಅಳಿಸಿ ಬರೆಯಬಹುದು. ಕುಬ್ಜನನ್ನು ತಿದ್ದಬೇಕಾದರೆ ಅವನನ್ನು ಒಡೆಯಬೇಕು.

ಈಚಿನ ದಶಕಗಳ ಬಣ್ಣದ ಚಿತ್ರಗಳಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮವಾಗಿದೆ. ೧೯೯೦ರಿಂದ ಬೆಳೆದುಬಂದ ಕಾಂತೀಯ ಅನುರಣನದ ಕ್ರಿಯಾಚಿತ್ರಗಳಲ್ಲಿ ಬೂದಿಬಣ್ಣದ ಮೆದುಳಿನ ಮೇಲೆ ಕೆಂಪು ಹಳದಿಯ ಕೆಂಡಗಳು ಹೊಳೆಯುತ್ತವೆ. ಅದನ್ನು ನೋಡಿದವನು ಆಲೋಚನೆ ಉರಿಯುವುದನ್ನು ತಾನು ಕಂಡೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಯಂತ್ರ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ವ್ಯತ್ಯಾಸವನ್ನು, ಅದೂ ನರಕ್ರಿಯೆ ನಡೆದ ಕೆಲವು ಕ್ಷಣಗಳ ಬಳಿಕ. ಕೆಂಪು ಸೂಚಿಸುವುದು ಸಂಖ್ಯಾಶಾಸ್ತ್ರದ ಒಂದು ಬೆಲೆಯನ್ನು. ಯಾವ ಬೆಲೆಯಿಂದ ಮೇಲಕ್ಕೆ ಬಣ್ಣ ಹಚ್ಚಬೇಕೆಂಬುದು ಸಂಶೋಧಕನ ನಿರ್ಣಯ. ೨೦೦೯ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬೇಕೆಂದೇ ಬಿಟ್ಟು ಲೆಕ್ಕಹಾಕಿದರು. ಸತ್ತ ಮೀನಿನ ಮೆದುಳಿನಲ್ಲಿಯೂ ಕೆಂಪು ಚುಕ್ಕೆ ಹೊಳೆಯಿತು! ತಿದ್ದುಪಡಿ ಮಾಡಿದಾಗ ಅದು ಅಳಿಸಿಹೋಯಿತು. ಮೆದುಳಿನ ಚಿತ್ರವನ್ನು ಜತೆಗಿಟ್ಟರೆ ಸಾಲದ ವಾದವೂ ಗಟ್ಟಿಯಾಗಿ ತೋರುತ್ತದೆಂದು ೨೦೦೮ರಲ್ಲಿ ಇಬ್ಬರು ಮನೋವಿಜ್ಞಾನಿಗಳು ವರದಿಮಾಡಿದ್ದರು. ೨೦೧೩ರಲ್ಲಿ ಅದನ್ನು ಮರುಪರೀಕ್ಷಿಸಿದವರಿಗೆ ಆ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ಆದುದರಿಂದ ಓದುಗರೆಲ್ಲ ಬಣ್ಣಕ್ಕೆ ಮರುಳಾಗುವವರೆಂದು ಹಳಿಯುವುದು ಸಲ್ಲದು. ಬಣ್ಣದ ಹಿಂದಿನ ನಿರ್ಣಯವನ್ನು ಅವರಿಗೆ ಯಾರೂ ತಿಳಿಸದಿರುವುದೇ ನಿಜವಾದ ಕೊರತೆ. ಅಲ್ಲಿ ಸಿಂದೂರವು ದೀಪದ ವೇಷವನ್ನು ಪೂರ್ತಿಯಾಗಿ ಧರಿಸಿದೆ.

೬

ಮೇಲಿನ ಪರಿಶೀಲನೆಯಿಂದ ಒಂದು ಮಾನದಂಡ ಹೊರಪಡುತ್ತದೆ. ವಿಜ್ಞಾನಚಿತ್ರದ ಗುಣವನ್ನು ಅದು ವಸ್ತುವನ್ನು ಎಷ್ಟು ಹೋಲುತ್ತದೆ ಎಂಬುದರಿಂದಲೇ ನಿರ್ಧರಿಸಲಾಗದು. ಎಷ್ಟು ಸುಂದರ ಎಂಬುದರಿಂದಂತೂ ಆಗದು. ಕಂಡದ್ದು ಯಾವುದು, ಊಹಿಸಿದ್ದು ಯಾವುದು, ಬಿಟ್ಟದ್ದು ಯಾವುದು—ಈ ಮೂರನ್ನು ಓದುಗನು ಬೇರ್ಪಡಿಸಿಕೊಳ್ಳಲು ಎಡೆಗೊಡುವ ಚಿತ್ರವೇ ಉತ್ತಮ. ಕಾಹಾಲನ ಪಟ ಮೊದಲೆರಡನ್ನು ತಾನೇ ಬೇರ್ಪಡಿಸಿಕೊಡುತ್ತದೆ. ಮೂರನೆಯದನ್ನು ಬೋಧಕನು ಹೇಳಬೇಕಾಗುತ್ತದೆ. ಪೆನ್‌ಫೀಲ್ಡನ ಕುಬ್ಜನು ಮೂರನ್ನೂ ಬೆಸೆಯುತ್ತಾನೆ. ಬಣ್ಣದ ಮೆದುಳು ಮೂರನ್ನೂ ಬೆಳಕಿನಲ್ಲಿ ಮುಚ್ಚುತ್ತದೆ.

ನಮ್ಮ ಕಾಲೇಜುಗಳಲ್ಲಿ ಚಿತ್ರ ಬರೆಯುವುದು ಇನ್ನೂ ಉಳಿದಿದೆ. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ವಿದ್ಯಾರ್ಥಿ ನರಕೋಶವನ್ನು ಪೆನ್ಸಿಲಿನಿಂದ ಬರೆದು, ಬಲಗಡೆ ಗೆರೆಯೆಳೆದು ಭಾಗಗಳನ್ನು ಹೆಸರಿಸುತ್ತಾನೆ. ಆದರೆ ಅನೇಕ ವೇಳೆ ಅವನು ಬರೆಯುವುದು ಪಠ್ಯದ ಚಿತ್ರವನ್ನು ನೋಡಿ. ಸೂಕ್ಷ್ಮದರ್ಶಕ ಪಕ್ಕದಲ್ಲಿಯೇ ಇರುತ್ತದೆ. ಗುಣಾಂಕ ಬರುವುದು ಅಚ್ಚುಕಟ್ಟಿಗೆ. ಇದು ವೆಸೇಲಿಯಸನ ೧೫೩೮ರ ಕೈಬರಹವನ್ನೇ ಪ್ರತಿವರ್ಷ ಮತ್ತೆ ಬರೆಸಿದಂತೆ. ತಾನು ಕಂಡ ಮಸುಕನ್ನು ಮಸುಕಾಗಿಯೇ ಬರೆದು, ಊಹಿಸಿದ ಭಾಗಕ್ಕೆ ಚುಕ್ಕೆಗೆರೆಯನ್ನು ಎಳೆದ ವಿದ್ಯಾರ್ಥಿಗೆ ಹೆಚ್ಚು ಗುಣಾಂಕ ಕೊಡುವ ಧೈರ್ಯ ಪರೀಕ್ಷಕರಿಗೆ ಬರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳಿನ ಸಂಗ್ರಹಾಲಯದಲ್ಲಿ ನಿಜವಾದ ಮೆದುಳನ್ನು ಕಣ್ಣಾರೆ ಕಾಣುವ ಅವಕಾಶವಿದೆ. ಪಠ್ಯದ ಚಿತ್ರವನ್ನು ಕೈಯಲ್ಲಿ ಹಿಡಿದು ಅದರೆದುರು ನಿಂತ ವಿದ್ಯಾರ್ಥಿ ಚಿತ್ರ ಏನನ್ನು ಬಿಟ್ಟಿತೆಂಬುದನ್ನು ಒಡನೆಯೇ ಅರಿತಾನು.

ಕನ್ನಡದ ವಿಜ್ಞಾನಸಾಹಿತ್ಯಕ್ಕೂ ಈ ಮಾತು ಸಲ್ಲುತ್ತದೆ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ೧೯೭೬ರಲ್ಲಿ ಪ್ರಕಟವಾದ ‘ಹಸುರು ಹೊನ್ನು’ ಗ್ರಂಥಕ್ಕೆ ತಾವೇ ರೇಖಾಚಿತ್ರಗಳನ್ನು ಬರೆದರು. ಕಂಡ ಕಣ್ಣು, ಬರೆದ ಕೈ, ಹೇಳಿದ ಮಾತು ಒಬ್ಬರವೇ ಆದುದರಿಂದ ಅಲ್ಲಿ ಮಾತಿಗೂ ಚಿತ್ರಕ್ಕೂ ವಿರೋಧವಿಲ್ಲ. ನರವಿಜ್ಞಾನವನ್ನು ಕನ್ನಡದಲ್ಲಿ ಹೇಳಹೊರಟವರು ಪರಭಾಷೆಯ ಚಿತ್ರವನ್ನು ತಂದು ಅದರ ಅಕ್ಷರಗಳನ್ನಷ್ಟೇ ಕನ್ನಡಕ್ಕೆ ತಿರುಗಿಸಿದರೆ, ಆ ಚಿತ್ರದೊಳಗಿನ ನಿರ್ಣಯಗಳು ಪರೀಕ್ಷೆಯಿಲ್ಲದೆ ನಮ್ಮವಾಗುತ್ತವೆ. ಪದವನ್ನು ಅನುವಾದಿಸುವಾಗ ನಾವು ವಹಿಸುವ ಎಚ್ಚರವನ್ನು ರೇಖೆಯ ವಿಷಯದಲ್ಲಿಯೂ ವಹಿಸುವುದು ಅಗತ್ಯ. ಶಂಕುಕನ ಕುದುರೆಯನ್ನು ನೋಡಿ ಆನಂದಿಸಲು ಅದರ ಮೇಲೆ ಸವಾರಿಮಾಡಬೇಕಾಗಿಲ್ಲ. ನರಕೋಶದ ಚಿತ್ರದ ಸ್ಥಿತಿ ಹಾಗಲ್ಲ. ಅದನ್ನು ನಂಬಿ ಮುಂದಿನ ಪ್ರಯೋಗ ಹೊರಡುತ್ತದೆ, ಶಸ್ತ್ರವೈದ್ಯನ ಕೈ ಮುಂದುವರಿಯುತ್ತದೆ. ಆದುದರಿಂದ ಅದನ್ನು ನೋಡುವ ಕಣ್ಣಿಗೆ ಸಹೃದಯತೆಯೊಡನೆ ವಿಮರ್ಶೆಯೂ ಬೇಕು.